ಗಾಜಿನ ಪೆಟ್ಟಿಗೆಯೊಳಗಿನ ರೊಟ್ಟಿ ಹಂಚು

ನಾನು ಬೆಳೆದ ಊರಿನ ಮ್ಯೂಸಿಯಂನಿಂದ ಹೋದ ತಿಂಗಳು ಒಂದು ಇಮೇಲ್ ಬಂತು. ಊರಿಗೆ ಬಂದು ನೆಲೆಸಿದವರ ಕೋಣೆಯನ್ನು ಹೊಸದಾಗಿ ಸಜ್ಜು ಮಾಡುತ್ತಿದ್ದಾರಂತೆ. ನಿಮ್ಮ ಕುಟುಂಬದ ಬಗ್ಗೆ ಐವತ್ತು ಪದಗಳಲ್ಲಿ ಬರೆದು ಕಳಿಸಿ ಎಂದು ಕೇಳಿದ್ದರು. ಕೆಳಗೊಂದು ಪಟ್ಟಿ ಇತ್ತು. ನಾವು ಯಾರೆಂದು ಅದರಲ್ಲಿ ಒಂದು ಕಡೆ ಗುರುತು ಹಾಕಬೇಕಿತ್ತು. ನಾನು ಎಲ್ಲಿಯೂ ಹಾಕಲಿಲ್ಲ. ಐವತ್ತು ಪದಗಳಲ್ಲಿ ನಮ್ಮ ಅಮ್ಮಿ ಒಂದು ರೊಟ್ಟಿ ಬಡಿದು ಮುಗಿಸುವುದನ್ನೂ ಹೇಳಲಾಗುವುದಿಲ್ಲ. ಅವರು ಕೇಳಿದ್ದಕ್ಕಿಂತ ಹೆಚ್ಚು ಪದಗಳಲ್ಲಿ, ಅವರು ಕೇಳದ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಓದಲು ಬಾರದಿದ್ದರೆ ಯಾರನ್ನಾದರೂ ಕೇಳಿ ಓದಿಸಿಕೊಳ್ಳಲಿ. ಈ ದೇಶದ ಕಾಗದಪತ್ರಗಳನ್ನು ನಾವೂ ಹಾಗೆಯೇ ಓದಿಸಿಕೊಂಡು ಬಂದವರು.

ಲೆಸ್ಟರ್‌ನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಆ ಊರಿನಲ್ಲಿ ನಮ್ಮದೊಂದು ಸಾಲುಮನೆ. ಎಡಬಲದ ಗೋಡೆಗಳು ನಮಗೆಷ್ಟೋ ಪಕ್ಕದವರಿಗೂ ಅಷ್ಟೇ ಸೇರಿದವು. ಕೆಳಗೆ ಮುಂದಿನ ಕೋಣೆ, ಅದರ ಹಿಂದೆ ಅಡುಗೆಮನೆ, ಮೇಲೆ ಮಲಗುವುದಕ್ಕೆ ಎರಡು ಕೋಣೆಗಳು. ಮುಂದಿನ ಕೋಣೆ ಅಬ್ಬಾನದು. ಅವರು ಲಫ್‌ಬರೋದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಮನೆಗೆ ಬಂದಮೇಲೂ ಅದೇ ಕೋಣೆಯ ಕಿಟಕಿಯ ಬಳಿ ಕುಳಿತು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಅಲ್ಲಿ ನಡೆಯುತ್ತಿದ್ದ ಮಾತು ದಖನಿ, ನಮ್ಮ ಕಡೆಯ ಉರ್ದು. ಅಡುಗೆಮನೆ ಅಮ್ಮಿಯದು, ಅಲ್ಲಿ ಕನ್ನಡ ಬಿಟ್ಟರೆ ಬೇರೇನೂ ನಡೆಯುತ್ತಿರಲಿಲ್ಲ. ಇಂಗ್ಲಿಷಿಗಾಗಿ ನನಗೂ ಅಣ್ಣ ಇಕ್ಬಾಲನಿಗೂ ಉಳಿದಿದ್ದು ಮಹಡಿಯ ಮೆಟ್ಟಿಲುಗಳು. ಅಮ್ಮಿ ಮದುವೆಗೆ ಮುಂಚೆ ಗದಗಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ದಖನಿ ಅವಳ ತವರಿನ ಮಾತು, ಕನ್ನಡ ಅವಳು ಗಳಿಸಿದ ಮಾತು. ಉರ್ದು ನಿಮಗೆ ಮಸೀದಿಯಲ್ಲಿ ಸಿಗುತ್ತದೆ, ಇಂಗ್ಲಿಷ್ ಬೀದಿಯಲ್ಲಿ ಸಿಗುತ್ತದೆ, ಕನ್ನಡವನ್ನು ನಾನು ಕೊಡದಿದ್ದರೆ ಇನ್ನಾರು ಕೊಡುತ್ತಾರೆ ಎಂಬುದು ಅವಳ ವಾದ. ಇಕ್ಬಾಲ್ ಒಂದು ಸಲ ಹಟ ಹಿಡಿದು, ಊಟಕ್ಕೆ ಕುಳಿತಾಗ ಒಂದು ಮಾತೂ ಆಡದೆ ಉಪ್ಪಿನ ಡಬ್ಬಿಯತ್ತ ಬೆರಳು ತೋರಿಸಿದ. ಅಮ್ಮಿ ಡಬ್ಬಿಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಉಪ್ಪು ಬೇಕಂದ್ರ ಬಾಯಿ ಬಿಟ್ಟು ಕೇಳು. ಬೊಟ್ಟಿಗೆ ಉಪ್ಪು ಹಾಕಂಗಿಲ್ಲ ನಾ."

ಅವನು ಅವತ್ತು ಸಪ್ಪೆ ಬೇಳೆಯನ್ನೇ ತಿಂದು ಎದ್ದ. ಮರುದಿನವೂ ಸಪ್ಪೆಯೇ. ಮೂರನೆಯ ದಿನ ತಟ್ಟೆಯನ್ನೇ ನೋಡುತ್ತಾ "ಉಪ್ಪು" ಎಂದ. ಅಮ್ಮಿ ಏನೂ ಆಗಿಯೇ ಇಲ್ಲವೆಂಬಂತೆ ಡಬ್ಬಿಯನ್ನು ಮುಂದೆ ಸರಿಸಿದಳು. ಗೆದ್ದೆನೆಂದು ನಗಲೂ ಇಲ್ಲ. ನಕ್ಕಿದ್ದರೆ ಅವನು ಮತ್ತೆ ಶುರುಮಾಡುತ್ತಿದ್ದ, ಅದು ಅವಳಿಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಜೋಳದ ರೊಟ್ಟಿ. ಹಿಟ್ಟನ್ನು ಅಬ್ಬಾ ಲೆಸ್ಟರ್‌ನ ಗುಜರಾತಿ ಅಂಗಡಿಯಿಂದ ತರುತ್ತಿದ್ದರು. ಕುದಿಯುವ ನೀರಿನಲ್ಲಿ ಹಿಟ್ಟನ್ನು ನಾದಿ, ಕಲ್ಲುಹಾಸಿನ ಕಟ್ಟೆಯ ಮೇಲೆ ಅಮ್ಮಿ ಬಡಿಯಲು ಶುರುಮಾಡಿದಳೆಂದರೆ ಇಡೀ ಗೋಡೆ ಸದ್ದು ಮಾಡುತ್ತಿತ್ತು. ಆ ಗೋಡೆಯ ಆಚೆಗೆ ಡೋರೀನ್ ಎಂಬ ಹೆಂಗಸು ಒಬ್ಬಳೇ ಇದ್ದಳು. ಹುಡುಗಿಯಾಗಿದ್ದಾಗಿನಿಂದ ಕಾಲುಚೀಲ ಹೆಣೆಯುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು. ಅವಳು ಆಚೆಯಿಂದ ಗೋಡೆಗೆ ಗುದ್ದುತ್ತಿದ್ದಳು, ಅಮ್ಮಿ ಈಚೆಯಿಂದ ಬಡಿಯುತ್ತಲೇ ಇರುತ್ತಿದ್ದಳು. ಒಂದು ಭಾನುವಾರ ಡೋರೀನ್ ಬಾಗಿಲಿಗೇ ಬಂದು, ವಾರಕ್ಕೊಂದು ಬೆಳಿಗ್ಗೆಯಾದರೂ ನೆಮ್ಮದಿಯಾಗಿ ಮಲಗಲು ಬಿಡಿ, ಅದೇನು ಬಡಿಯುತ್ತೀರಿ ಎಂದು ಅಬ್ಬಾನನ್ನು ಕೇಳಿದಳು. ಅಬ್ಬಾ ಮೂರು ಸಲ ಸಾರಿ ಹೇಳಿ, ಒಳಗೆ ಬಂದು ಅಮ್ಮಿಗೆ "ನಕ್ಕೋ, ಬಂದ್ ಕರೋ" ಎಂದರು. ಅಮ್ಮಿ ಬಂದ್ ಮಾಡಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋಗಿ ಡೋರೀನಳ ತೋಳು ಹಿಡಿದು ಅಡುಗೆಮನೆಗೆ ಕರೆತಂದು ಕುರ್ಚಿ ಎಳೆದು ಕೂರಿಸಿದಳು. ಡೋರೀನಳ ಕೆಂಪು ಕಾರ್ಡಿಗನ್ನಿನ ತೋಳಿನ ಮೇಲೆ ಬಿಳಿಯ ಐದು ಬೆರಳುಗಳ ಗುರುತು. ಅಮ್ಮಿ ಒಂದು ಉಂಡೆಯನ್ನು ಬಡಿದು, ಗಡಿಯಾರದ ಮುಖದಷ್ಟು ಗುಂಡಗೆ ಮಾಡಿ, ಕೈಮೇಲೆ ಎತ್ತಿ ಹಂಚಿಗೆ ಹಾಕಿ, ಉಬ್ಬಿದ್ದನ್ನು ಬೆಣ್ಣೆಯೊಂದಿಗೆ ಅವಳ ಮುಂದಿಟ್ಟಳು. ಡೋರೀನ್ ತಿಂದಳು. ಆಮೇಲೆ ಎಂಟಕ್ಕೆ ಬಡಿಯುವ ಬದಲು ಒಂಬತ್ತಕ್ಕೆ ಬಡಿಯಲು ಆಗುವುದಿಲ್ಲವೇ ಎಂದು ಕೇಳಿದಳು. ಅಮ್ಮಿ ನನ್ನತ್ತ ತಿರುಗಿದಳು.

"ಆಗ್ತದಂತ ಹೇಳು. ಆದ್ರ ಆಕಿ ಟೀವಿ ಸಂಜಿಮುಂದ ಸಣ್ಣಗ ಮಾಡಬೇಕಂತ. ನಾವೂ ಕೇಳ್ತೀವಿ ಅದನ್ನ."

ಅಂದಿನಿಂದ ಆ ಗೋಡೆಗೆ ಒಂದು ಒಪ್ಪಂದವಾಯಿತು. ಆದರೆ ಗೋಡೆಗಳ ಹೊರಗೆ ನಮಗೆ ಅಷ್ಟು ಸುಲಭದ ಒಪ್ಪಂದ ಸಿಗುತ್ತಿರಲಿಲ್ಲ. ಮಸೀದಿಯ ಸುತ್ತಲಿನ ಮನೆಗಳವರೆಲ್ಲ ಪಾಕಿಸ್ತಾನದ ಮೀರ್‌ಪುರದ ಕಡೆಯವರು. ನಮ್ಮ ದಖನಿಯನ್ನು ಕೇಳಿ ನಗುತ್ತಿದ್ದರು, ಕನ್ನಡ ಕೇಳಿದರೆ ಅನುಮಾನದಿಂದ ನೋಡುತ್ತಿದ್ದರು. ಲೆಸ್ಟರ್‌ನಲ್ಲಿ ಕನ್ನಡದವರು ಒಂದು ಶಾಲೆಯ ಹಾಲಿನಲ್ಲಿ ಯುಗಾದಿ ಮಾಡುತ್ತಾರೆಂದು ತಿಳಿದು ಅಮ್ಮಿ ನಮ್ಮನ್ನೂ ಕರೆದುಕೊಂಡು ಹೋದಳು. ಅಲ್ಲಿ ರೇಷ್ಮೆ ಸೀರೆ ಉಟ್ಟ, ಬೆಂಗಳೂರಿನ ಕಡೆಯ ಒಬ್ಬರು ಅಮ್ಮಿಯ ಹೆಸರು ಕೇಳಿ ಹುಬ್ಬೇರಿಸಿದರು.

"ಅಯ್ಯೋ, ನೀವು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲಾ!"

"ನೀವೂ ಚಲೋ ಮಾತಾಡ್ತೀರಿ ಬಿಡ್ರಿ," ಎಂದಳು ಅಮ್ಮಿ. "ಎಲ್ಲಿ ಕಲಿತ್ರಿ?"

ಅಮ್ಮಿ ಒಬ್ಬಟ್ಟು ಹಾಕಿಸಿಕೊಂಡು, ಮುಂದಿನ ಸಾಲಿನಲ್ಲಿ ಕುಳಿತು, ಕಾರ್ಯಕ್ರಮ ಮುಗಿಯುವವರೆಗೂ ನೋಡಿದಳು. ನನಗೆ ನಾಚಿಕೆಯಾಗಿತ್ತು. ಅವಳು ಯಾಕೆ ಸುಮ್ಮನಿರುವುದಿಲ್ಲ, ಯಾಕೆ ಎಲ್ಲ ಕಡೆಯೂ ಒಂದು ಮಾತು ಆಡಿಯೇ ಬರುತ್ತಾಳೆ ಎಂದು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ಹನ್ನೆರಡು ವರ್ಷದ ಹುಡುಗಿಗೆ ಬೇಕಾಗಿದ್ದು ಇಷ್ಟೇ: ಯಾರೂ ಎರಡನೆಯ ಪ್ರಶ್ನೆ ಕೇಳಬಾರದು. ಶಾಲೆಯಲ್ಲಿ ರುಖ್ಸಾನಾ ಮತ್ತು ಅವಳ ಗೆಳತಿಯರು ನನ್ನನ್ನು ತಮ್ಮ ಮೇಜಿಗೆ ಸೇರಿಸಿಕೊಂಡಿದ್ದರು. ನೀನೂ ಪಾಕಿಸ್ತಾನದವಳೇ ಅಲ್ಲವಾ ಎಂದು ಮೊದಲ ದಿನವೇ ಕೇಳಿದ್ದರು. ನಾನು ಹೌದೆಂದಿದ್ದೆ. ಮೇಜಿನಲ್ಲಿ ಒಂದು ಜಾಗ ಸಿಕ್ಕಿತ್ತು.

ಆಗ ಊರಿನ ಮ್ಯೂಸಿಯಂನವರು ಹೊಸ ಕೋಣೆಯೊಂದನ್ನು ತೆರೆಯಲು ಹೊರಟರು. ಮ್ಯೂಸಿಯಂ ಇದ್ದದ್ದು ಕಾಲುವೆಯ ದಡದ ಹಳೆಯ ಹೊಸೈರಿ ಕಾರ್ಖಾನೆಯಲ್ಲಿ. ನದಿ ದಾಟುವ ಜಾಗದಲ್ಲಿ ಊರು ಹುಟ್ಟಿದಾಗ ಕಟ್ಟಿದ ಏಳು ಗುಡಿಸಲುಗಳ ಮಾದರಿ, ಕಾಲುಚೀಲ ಹೆಣೆಯುವ ಯಂತ್ರಗಳು, ಕಾಲುವೆ ತೋಡಲು ಐರ್ಲೆಂಡಿನಿಂದ ಬಂದವರ ಸಲಿಕೆಗಳು, ಯುದ್ಧ ಮುಗಿದ ಮೇಲೆ ಇಲ್ಲಿಯೇ ಉಳಿದ ಪೋಲೆಂಡಿನವರ ಪ್ರಾರ್ಥನೆ ಪುಸ್ತಕ, ಎಲ್ಲವೂ ಅಲ್ಲಿದ್ದವು. ಈಗ ನಮ್ಮಂಥವರ ಸರದಿ. ಗೋಡೆಯ ತುಂಬ ಒಂದು ಭೂಪಟ. ಊರೂರುಗಳಿಂದ ಬಣ್ಣದ ದಾರ ಎಳೆದು ನಮ್ಮ ಊರಿಗೆ ಕಟ್ಟುವುದು. ಮನೆಯಿಂದ ಒಂದು ವಸ್ತು ತನ್ನಿ ಎಂದು ಶಾಲೆಯ ಮಕ್ಕಳಿಗೆ ಚೀಟಿ ಕೊಟ್ಟರು. ಅಮ್ಮಿ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಒಲೆಯ ಮೇಲಿಂದ ಹಂಚನ್ನೇ ಇಳಿಸಿದಳು. ಮೊದಲ ಸಂಬಳದಲ್ಲಿ ಗದಗಿನ ಸಂತೆಯಲ್ಲಿ ಕೊಂಡ ಕಬ್ಬಿಣದ ಹಂಚು. ಬಟ್ಟೆಗಳ ನಡುವೆ ಸುತ್ತಿಟ್ಟುಕೊಂಡು ವಿಮಾನದಲ್ಲಿ ತಂದಿದ್ದಳು. ಅಬ್ಬಾ ಬೇರೇನಾದರೂ ಕೊಡು ಎಂದರೆ ಒಪ್ಪಲಿಲ್ಲ.

"ನಮ್ಮೂರಿನ ಹೆಸರು ಈ ಊರಾಗ ಇರ್ಲಿ. ನಾವು ಒಂದೆರಡು ತಿಂಗಳು ಬ್ಯಾರೇದ್ರಾಗ ಸುಟ್ಕೊಂಡು ತಿಂತೀವಿ."

ಮ್ಯೂಸಿಯಂನ ಮೇಲ್ವಿಚಾರಕರು ಮಿಸ್ಟರ್ ಹಾಲ್‌ಬ್ರೂಕ್. ತೆಳ್ಳಗೆ, ಮೆತ್ತಗೆ ಮಾತಾಡುವ ಮನುಷ್ಯ. ವಸ್ತುಗಳನ್ನು ಒಪ್ಪಿಸಲು ನಾವು ಸಾಲಾಗಿ ನಿಂತಿದ್ದೆವು. ಒಬ್ಬೊಬ್ಬರಿಗೂ ಒಂದು ಫಾರಂ ಕೊಟ್ಟು ತುಂಬಿಸುತ್ತಿದ್ದರು. ನನ್ನ ಹಿಂದೆಯೇ ರುಖ್ಸಾನಾ ಇದ್ದಳು. ವಸ್ತುವಿನ ಹೆಸರು ಎಂಬಲ್ಲಿ ನಾನು ಚಪಾತಿ ಪ್ಯಾನ್ ಎಂದು ಬರೆದೆ. ದೇಶ ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ನನ್ನ ಭುಜದ ಮೇಲಿಂದ ಅವಳು ನೋಡುತ್ತಿದ್ದಾಳೆಂದು ಗೊತ್ತಿತ್ತು. ಪಾಕಿಸ್ತಾನ ಎಂದು ಬರೆದು ಕೊಟ್ಟುಬಿಟ್ಟೆ. ಯಾರೂ ಒತ್ತಾಯ ಮಾಡಲಿಲ್ಲ. ಈ ಬರಹದಲ್ಲಿ ಬರುವ ತಪ್ಪು ನನ್ನ ಕೈಬರಹದ್ದು.

ಕೋಣೆ ತೆರೆದ ಶನಿವಾರ ಅಮ್ಮಿ ಬಟಾಣಿ ಹಸಿರಿನ ಇಳಕಲ್ ಸೀರೆ ಉಟ್ಟು, ನನ್ನನ್ನೂ ಇಕ್ಬಾಲನನ್ನೂ ಮುಂದೆ ಮಾಡಿಕೊಂಡು ಹೊರಟಳು. ಮೊದಲ ಕೋಣೆಯಿಂದಲೇ ಪ್ರತಿಯೊಂದು ಫಲಕವನ್ನೂ ನಿಂತು ಓದಿದಳು. ಏಳು ಗುಡಿಸಲು ಕಟ್ಟಿದವರೂ ಸಮುದ್ರ ದಾಟಿ ಬಂದವರೆಂದು ಅಲ್ಲಿ ಬರೆದಿತ್ತು.

"ನೋಡ್ರಿ, ಇಲ್ಲಿ ಎಲ್ಲಾರೂ ಬಂದವ್ರ. ಅವ್ರು ಲಗೂ ಬಂದಾರ, ನಾವು ತಡಾ ಮಾಡಿ ಬಂದೀವಿ. ಅಷ್ಟ ಫರಕು."

ಹೊಸ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಂಚು ಇತ್ತು. ಎಣ್ಣೆ ಸವರಿ ದೀಪ ಹಾಕಿದ್ದರು. ನಮ್ಮ ಮನೆಯ ಒಲೆಯ ಮೇಲೆ ಅದು ಯಾವತ್ತೂ ಅಷ್ಟು ಹೊಳೆದಿರಲಿಲ್ಲ. ಅದರ ಕೆಳಗಿನ ಚೀಟಿಯಲ್ಲಿ ಅಚ್ಚಾಗಿತ್ತು: ಚಪಾತಿ ಪ್ಯಾನ್, ಪಾಕಿಸ್ತಾನ. ಅಮ್ಮಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಓದಿದಳು. ಭೂಪಟದಲ್ಲಿ ನಮ್ಮ ಹೆಸರಿನ ದಾರ ಎಲ್ಲಿಂದ ಹೊರಟಿದೆ ಎಂದು ಹುಡುಕಿದಳು. ಅದು ರಾವಲ್ಪಿಂಡಿಯ ಹತ್ತಿರದಿಂದ ಹೊರಟಿತ್ತು. ನೇರವಾಗಿ ಹಾಲ್‌ಬ್ರೂಕ್ ಅವರ ಬಳಿ ಹೋಗಿ, ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಒಂದೊಂದೇ ಪದ ಇಟ್ಟು, ಇದು ತಪ್ಪು, ಪಾತ್ರೆಯ ಹೆಸರು ತಪ್ಪು, ಊರು ತಪ್ಪು, ದೇಶ ತಪ್ಪು ಎಂದಳು. ಅವರು ನಯವಾಗಿಯೇ ಹೇಳಿದರು: ಚೀಟಿಗಳು ಅಚ್ಚಾಗಿಬಿಟ್ಟಿವೆ, ಮುಂದಿನ ವರ್ಷ ಬದಲಾಯಿಸುವಾಗ ನೋಡೋಣ, ನೋಡಲು ಬರುವವರಿಗೆ ಇಷ್ಟು ಸಣ್ಣ ವ್ಯತ್ಯಾಸ ತಿಳಿಯುವುದೂ ಇಲ್ಲ.

"ತಿಳಿಯಂಗಿಲ್ಲಂತ? ಹಂಗಾದ್ರ ನಾ ತಿಳಿಸ್ತೇನಿ," ಎಂದಳು ಅಮ್ಮಿ ನನ್ನ ಕಡೆ ನೋಡಿ. ಅದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಬಾಯಿ ಬರಲಿಲ್ಲ.

ಮುಂದಿನ ಶನಿವಾರ ಮ್ಯೂಸಿಯಂ ಬಾಗಿಲು ತೆರೆಯುವ ಹೊತ್ತಿಗೆ ಅಮ್ಮಿ ಅಲ್ಲಿದ್ದಳು. ಪೆಟ್ಟಿಗೆಯ ಪಕ್ಕ, ತರಗತಿಯಲ್ಲಿ ಕರಿಹಲಗೆಯ ಪಕ್ಕ ನಿಲ್ಲುವಂತೆ ನಿಂತಳು. ಯಾರೇ ಬಂದು ಚೀಟಿ ಓದಲಿ, "ಎಕ್ಸ್‌ಕ್ಯೂಸ್ ಮಿ, ದಟ್ ಈಸ್ ರಾಂಗ್" ಎಂದು ಶುರುಮಾಡುವಳು. ಹಂಚು ಎಂದರೇನು, ಜೋಳ ಎಂದರೇನು, ಗದಗ ಎಲ್ಲಿದೆ ಎಂದು ಹೇಳಿ, ಕೊನೆಗೆ ಆ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ ಕಳಿಸುವಳು. ಪದ ಸಿಗದಾಗ ನನ್ನನ್ನು ಕೇಳುವಳು. ನಾನು ಅದಕ್ಕಾಗಿಯೇ ಅಲ್ಲಿದ್ದವಳು. ಇಕ್ಬಾಲ್ ಬರುವುದೇ ಇಲ್ಲ ಎಂದುಬಿಟ್ಟ. ಮನೆಯಲ್ಲಿ ಜಗಳವಾಯಿತು. ಅಬ್ಬಾ ಮುಂದಿನ ಕೋಣೆಯಿಂದ ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲೇ ನಿಂತರು.

"ಕೈಕು ಝಗಡಾ, ಹಲೀಮಾ? ಹಮೆ ಮೆಹಮಾನ್ ಲೋಗಾಂ ಹೈಂ ಯಹಾಂ." ನಾವು ಇಲ್ಲಿ ಅತಿಥಿಗಳು, ಜಗಳ ಯಾಕೆ ಎಂಬುದು ಅವರ ಮಾತು.

ಅಮ್ಮಿ ಕನ್ನಡದಲ್ಲೇ ಉತ್ತರ ಕೊಟ್ಟಳು. "ಮೆಹಮಾನರಿಗೆ ಕೌನ್ಸಿಲ್ ಟ್ಯಾಕ್ಸ್ ಕಟ್ಟು ಅಂತ ಯಾರ ಚೀಟಿ ಕಳಸ್ತಾರ್ರೀ? ಆ ಮ್ಯೂಸಿಯಂ ನಿಮ್ಮದೂ ಐತಿ, ನಂದೂ ಐತಿ. ನಮ್ಮ ಮನಿಯೊಳಗ ತಪ್ಪು ಬರದ್ರ ಸುಮ್ನ ಕುಂದರಂಗಿಲ್ಲ ನಾ."

ಅಬ್ಬಾ ಹಿಂದಿರುಗಿ ಹೋಗಿ ಪೆನ್ಸಿಲ್ ಚೂಪು ಮಾಡತೊಡಗಿದರು. ಅವರು ಹೇಡಿಯಾಗಿರಲಿಲ್ಲ. ಕಾರ್ಖಾನೆಯಲ್ಲಿ ದಿನವೂ ಏನನ್ನು ನುಂಗಿಕೊಂಡು ಬರುತ್ತಿದ್ದರೋ ನಮಗೆ ಹೇಳಿದವರಲ್ಲ. ಅಷ್ಟು ನುಂಗಿದವರಿಗೆ ಒಂದು ಚೀಟಿ ದೊಡ್ಡದಾಗಿ ಕಾಣಲಿಲ್ಲವೇನೋ. ಎರಡನೆಯ ಶನಿವಾರ ಡೋರೀನ್ ಬಂದಳು. ಅಮ್ಮಿ ಅಲ್ಲಿ ನಿಂತಿರುವ ಸುದ್ದಿ ಬೀದಿಯಲ್ಲಿ ಹರಡಿತ್ತು; ತಮಾಷೆ ನೋಡಲೆಂದೇ ಬಂದಳು ಅಂತ ಕಾಣುತ್ತದೆ. ಬಂದವಳು ಹೊಸೈರಿ ಕೋಣೆಯ ಯಂತ್ರವನ್ನು ನೋಡಿ ನಿಂತುಬಿಟ್ಟಳು. ನೂಲು ಹೂಡಿದ್ದೇ ತಪ್ಪಾಗಿದೆ, ಹೀಗೆ ಹೂಡಿದರೆ ಬೆರಳ ಗಿಣ್ಣಿನಷ್ಟು ಕಾಲುಚೀಲವೂ ಬರುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದಳು. ಅದರ ಮುಂದೆ ಎರಡು ಗಂಟೆ ನಿಂತು, ಬಂದವರಿಗೆಲ್ಲ ಅದನ್ನೇ ವಿವರಿಸಿದಳು. ಹಾಲ್‌ಬ್ರೂಕ್ ಅವರು ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡುತ್ತಿದ್ದುದು ನನ್ನ ಕಣ್ಣಲ್ಲಿ ಹಾಗೆಯೇ ಇದೆ.

ಮೂರನೆಯ ಶನಿವಾರ ಅವರ ತಾಳ್ಮೆ ಮುಗಿಯಿತು. ಕಚೇರಿಯೊಳಗಿಂದ ಒಂದು ಫೈಲು ತಂದು, ಅದರಿಂದ ಒಂದು ಹಾಳೆ ತೆಗೆದು ಅಮ್ಮಿಯ ಮುಂದೆ ಹಿಡಿದರು. ಮೇಡಂ, ನಾವಾಗಿ ಏನನ್ನೂ ಬರೆದಿಲ್ಲ, ನಿಮ್ಮ ಮಗಳೇ ಬರೆದುಕೊಟ್ಟದ್ದು, ನೋಡಿ ಎಂದರು. ಮೂರು ವಾರಗಳಿಂದ ನಾನು ಹೆದರಿಕೊಂಡಿದ್ದ ಗಳಿಗೆ ಬಂದೇ ಬಂತು. ಅಮ್ಮಿಗೆ ನನ್ನ ಅಕ್ಷರ ಗೊತ್ತು. ಅದನ್ನು ತಿದ್ದಿದವಳೇ ಅವಳು. ಹಾಳೆಯನ್ನು ಓದಿದಳು. ನನ್ನ ಮುಖ ನೋಡಲಿಲ್ಲ. ಹಾಳೆಯನ್ನು ಮಡಿಸದೆ ಅವರಿಗೆ ಹಿಂತಿರುಗಿಸಿ, ಇಂಗ್ಲಿಷಿನಲ್ಲಿ ಇಷ್ಟೇ ಹೇಳಿದಳು: ನನ್ನ ಮಗಳು ತಪ್ಪು ಬರೆದಿದ್ದಾಳೆ, ಅವಳನ್ನು ನಾನು ತಿದ್ದುತ್ತೇನೆ, ನೀವು ಅದನ್ನೇ ಅಚ್ಚು ಮಾಡಿದ್ದೀರಿ, ನಿಮ್ಮದನ್ನು ನೀವು ತಿದ್ದಿ.

ಮನೆಗೆ ನಡೆದುಕೊಂಡು ಬರುವಾಗ ಕಾಲುವೆಯ ಉದ್ದಕ್ಕೂ ಅವಳು ನನಗಿಂತ ಎರಡು ಹೆಜ್ಜೆ ಮುಂದೆಯೇ ಇದ್ದಳು. ಹೊಡೆದರೆ ಸಾಕು ಎಂದುಕೊಂಡೆ, ಹೊಡೆಯಲಿಲ್ಲ. ಅಡುಗೆಮನೆಯಲ್ಲಿ ನನ್ನನ್ನು ಡೋರೀನ್ ಕೂತಿದ್ದ ಕುರ್ಚಿಯಲ್ಲೇ ಕೂರಿಸಿ, ಎದುರಿಗೆ ತಾನೂ ಕೂತಳು.

"ಯಾರ ಅಂಜಿಕಿಗೆ ಬರದಿ?"

ನಾನು ರುಖ್ಸಾನಾಳ ಹೆಸರು ಹೇಳಿದೆ. ಮೇಜಿನ ವಿಷಯ ಹೇಳಿದೆ. ಕನ್ನಡ ಮಾತಾಡುವವಳೆಂದು ಗೊತ್ತಾದರೆ ಯಾರೂ ನನ್ನನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಅಳುತ್ತಾ ಹೇಳಿದೆ. ಅಷ್ಟನ್ನೂ ಕನ್ನಡದಲ್ಲೇ ಹೇಳಿದ್ದೆನೆಂಬುದು ಎಷ್ಟೋ ವರ್ಷಗಳಾದ ಮೇಲೆ ಹೊಳೆಯಿತು.

"ಅಂಜಿದ್ದು ತಪ್ಪಲ್ಲ ನಜ್ಜೂ. ನಾನೂ ಅಂಜತೇನಿ. ಪ್ರತಿ ಶನಿವಾರ ಆ ಬಾಗಲಾ ದಾಟುಮುಂದ ಕಾಲು ನಡಗ್ತಾವ ನಂದು. ಆದ್ರ ಅಂಜಿಕಿಗೆ ಊರ ಬದಲ್ ಮಾಡಬಾರದವಾ. ಇವತ್ತ ಊರ ಬಿಡ್ತಿ, ನಾಳಿಗಿ ನನ್ನೂ ಬಿಡ್ತಿ. ಮುಂದಿನ ಶನಿವಾರ ನಾ ಬೆಂಚಿನ ಮ್ಯಾಲ ಕುಂಡ್ರತೇನಿ. ನೀ ನಿಂದ್ರು."

ಅವಳ ಕಾಲು ನಡುಗುತ್ತದೆಂಬುದು ನನಗೆ ಅಂದಿನವರೆಗೂ ತಿಳಿದಿರಲಿಲ್ಲ. ನಾಲ್ಕನೆಯ ಶನಿವಾರ ಅಮ್ಮಿ ನಿಜವಾಗಿಯೂ ಬೆಂಚಿನ ಮೇಲೆ ಕುಳಿತಳು. ನಾನು ಪೆಟ್ಟಿಗೆಯ ಪಕ್ಕ ನಿಂತೆ. ಮೊದಲು ಬಂದ ವಯಸ್ಸಾದ ದಂಪತಿಗೆ ನನ್ನ ದನಿಯೇ ಕೇಳಿಸಲಿಲ್ಲ. ಆಮೇಲೆ ಬಂದವರಿಗೆ ಅರ್ಧ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ, ಬೇಡವೆಂದು ಬೇಡಿಕೊಂಡಿದ್ದೇ ಆಯಿತು: ರುಖ್ಸಾನಾ ತನ್ನ ತಾಯಿಯ ಜೊತೆ ಬಂದಳು. ಚೀಟಿ ಓದಿ ನನ್ನನ್ನು ನೋಡಿ ಕೈಬೀಸಿದಳು. ಬೆಂಚಿನ ಮೇಲೆ ಅಮ್ಮಿ ಕೈಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದದ್ದು ಕಂಡಿತು.

"ಇದು ತಪ್ಪು," ಎಂದೆ. "ಇದು ರೊಟ್ಟಿ ಹಂಚು. ನಾವು ಗದಗಿನವರು. ನಮ್ಮ ಮನೆಯಲ್ಲಿ ಕನ್ನಡ ಮಾತಾಡ್ತೀವಿ. ನಾನು ನಿನಗೆ ಸುಳ್ಳು ಹೇಳಿದ್ದೆ."

ರುಖ್ಸಾನಾ ಹುಬ್ಬು ಗಂಟಿಕ್ಕಿ, ಯಾಕೆ ಎಂದು ಕೇಳಿದಳು. ಅವಳ ತಾಯಿ ಮಾತ್ರ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಹಂಚನ್ನು ನೋಡಿ, ಅಂಚು ಎಷ್ಟು ದಪ್ಪ, ಇಂಥದ್ದು ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಅಮ್ಮಿಯ ಪಕ್ಕ ಹೋಗಿ ಕುಳಿತರು. ಸೋಮವಾರ ಶಾಲೆಯಲ್ಲಿ ಆ ಮೇಜಿನಲ್ಲಿ ನನಗೆ ಜಾಗವಿರಲಿಲ್ಲ. ಎರಡು ವಾರ ಕಿಟಕಿಯ ಬಳಿ ಒಬ್ಬಳೇ ಕುಳಿತು ಊಟ ಮಾಡಿದೆ. ಮೂರನೆಯ ವಾರ ರುಖ್ಸಾನಾ ತಾನಾಗಿಯೇ ತಟ್ಟೆ ಎತ್ತಿಕೊಂಡು ಬಂದಳು; ಅವಳ ಗೆಳತಿಯರು ಬರಲಿಲ್ಲ. ಅಷ್ಟು ಸಾಕಾಯಿತು. ಆ ಎರಡು ವಾರಗಳ ಊಟದಲ್ಲಿ ನಾನು ಕಲಿತದ್ದನ್ನು ಆಮೇಲೆ ಯಾವ ಯೂನಿವರ್ಸಿಟಿಯೂ ಕಲಿಸಲಿಲ್ಲ: ಒಬ್ಬಳೇ ಕುಳಿತರೂ ಹೊಟ್ಟೆ ತುಂಬುತ್ತದೆ.

ಶನಿವಾರಗಳು ಮುಂದುವರಿದವು. ಎಷ್ಟು ಎಂದು ನಾವು ಎಣಿಸಲಿಲ್ಲ. ಎಲೆ ಉದುರುವ ಹೊತ್ತಿಗೆ ಒಂದು ದಿನ ಹಾಲ್‌ಬ್ರೂಕ್ ಅವರೇ ಮನೆಗೆ ಫೋನ್ ಮಾಡಿ, ಬನ್ನಿ, ಚೀಟಿ ಬದಲಾಗಿದೆ ಎಂದರು. ಆ ಶನಿವಾರ ಅಬ್ಬಾ ಕಾರ್ಖಾನೆಗೆ ಹಾಕುವ ಕೋಟು ಹಾಕಿಕೊಂಡು ಮೊದಲ ಸಲ ನಮ್ಮ ಜೊತೆ ಬಂದರು. ಇಕ್ಬಾಲನೂ ಬಂದ. ಡೋರೀನ್ ಆಗಲೇ ಅಲ್ಲಿದ್ದಳು. ಆ ಯಂತ್ರಕ್ಕೆ ಸರಿಯಾಗಿ ನೂಲು ಹೂಡಿಕೊಡಿ ಎಂದು ಮ್ಯೂಸಿಯಂನವರೇ ಅವಳನ್ನು ಬೇಡಿಕೊಂಡಿದ್ದರಂತೆ. ಭೂಪಟದ ಮೇಲೆ ನಮ್ಮ ದಾರ ಕಿತ್ತು, ಬಹಳಷ್ಟು ಕೆಳಗಿಳಿಸಿ ಕಟ್ಟಿದ್ದರು. ಹೊಸ ಚೀಟಿ ಹಾಲ್‌ಬ್ರೂಕ್ ಅವರ ಕೈಬರಹದ್ದು: ರೊಟ್ಟಿ ಹಂಚು, ಗದಕ್, ಕರ್ನಾಟಕ, ಕೊಟ್ಟವರು ಶ್ರೀಮತಿ ಹಲೀಮಾ, ಶಾಲಾ ಶಿಕ್ಷಕಿ. ಕೊನೆಯ ಎರಡು ಪದಗಳನ್ನು ಅಬ್ಬಾ ತುಟಿ ಅಲ್ಲಾಡಿಸುತ್ತಾ ಮತ್ತೆ ಮತ್ತೆ ಓದಿದರು. ಅವರ ಕಣ್ಣು ತುಂಬಿತ್ತು. "ಬಸ್, ಹೋಗಯಾ," ಎಂದು ಅಮ್ಮಿಯ ಹೆಗಲು ಮುಟ್ಟಿದರು. ಆಯಿತು, ಸಾಕು, ಹೋಗೋಣ ಎಂದು.

ಅಮ್ಮಿ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು. ಅವಳು ಅದನ್ನು ಮತ್ತೆ ಹಾಕಿಕೊಂಡು ಓದುವಷ್ಟರಲ್ಲಿ ನಾನು ಕಚೇರಿಯ ಬಾಗಿಲಲ್ಲಿದ್ದೆ. ಹಾಲ್‌ಬ್ರೂಕ್ ಟೀ ಕುಡಿಯುತ್ತಿದ್ದರು.

"ಮಿಸ್ಟರ್ ಹಾಲ್‌ಬ್ರೂಕ್, ಊರಿನ ಹೆಸರಿನ ಕೊನೆಯ ಅಕ್ಷರ ತಪ್ಪಾಗಿದೆ."

ಅವರು ಕಪ್ಪನ್ನು ಕೆಳಗಿಟ್ಟರು. ಆಮೇಲೆ ಡ್ರಾಯರ್ ಎಳೆದು ಒಂದು ಹೊಸ ಚೀಟಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು.

"ಹೇಳಿ," ಎಂದರು.

ನಾನು ಒಂದೊಂದೇ ಅಕ್ಷರ ಹೇಳಿದೆ. ಅವರು ಬರೆದು ಮುಗಿಸಿ, ಶಾಯಿ ಆರುವವರೆಗೂ ಅಲ್ಲಿಂದ ಕದಲಲಿಲ್ಲ.